ಅರ್ಧ ಇಳಿದ ಹಲ್ಲು

"ಏಯ್ ಅಜ್ಜಿ, ಎತ್ತಾಗ್ ನುಗ್ತಿದ್ದೀಯೆ? ಚಾಪೆ ಮಾರೋರು ಹಿಂದ್ಗಡೆಯಿಂದ ಬರ್ಬೇಕು ಅಂತ ದಿನಾ ಬಡ್ಕೊಂಡ್ರೂ ತಲೇಗ್ ಹೋಗಕಿಲ್ವಾ? ಕಿವೀಗೇನ್ ಮರಳು ತುಂಬ್ಕಂಡಿದ್ದೀರಾ?"

ಹೋಟೆಲಿನ ಕಾವಲುಗಾರ ಪೌಲಿಯಾಸಿ ಕೈಯಲ್ಲಿದ್ದ ಕೋಲನ್ನು ಗಾಜಿನ ಬಾಗಿಲಿಗೆ ಅಡ್ಡ ಹಿಡಿದ. ವಿನಿಯಾನ ಕಂಕುಳಲ್ಲಿದ್ದ ಚಾಪೆಯ ಸುರುಳಿಯನ್ನು ಇನ್ನಷ್ಟು ಅವುಚಿಕೊಂಡಳು. ಅದು ಮಾರುವ ಚಾಪೆಯಲ್ಲ. ಕ್ಷಮೆ ಕೇಳುವಾಗ ಹಾಸಿಕೊಂಡು ಕೂರಲು ತಂದದ್ದು. ಸುರುಳಿಯ ನಡುವೆ ಬಟ್ಟೆಯಲ್ಲಿ ಸುತ್ತಿದ ಇನ್ನೊಂದು ವಸ್ತುವಿತ್ತು. ಅದರ ಭಾರ ಅವಳ ಪಕ್ಕೆಲುಬಿಗೆ ಒತ್ತುತ್ತಿತ್ತು.

"ಮಾರಕ್ ಬಂದಿಲ್ಲ ಕಣಪ್ಪ. ಪ್ರೆಂಟಿಸ್ ಅನ್ನೋ ದೊರೆ ಬಂದವ್ರಲ್ಲ, ಅವ್ರನ್ನ ಒಸಿ ಕಾಣ್ಬೇಕಿತ್ತು."

"ಅವ್ರು ನಿನ್ನ ಯಾಕ್ ಕಾಣ್ತಾರೆ? ನಿನ್ ಮೊಮ್ಮಗನಾ?"

ವಿನಿಯಾನಳ ತಮ್ಮ ನೆಮಾನಿ ಮುಂದೆ ಬಂದ. ಮೂವತ್ತು ವರ್ಷ ಸುವಾ ಪಟ್ಟಣದ ರಸ್ತೆಗಳಲ್ಲಿ ಬಸ್ಸು ಓಡಿಸಿದವನು. ಬೈಯುವುದನ್ನು ಯಾರಿಂದಲೂ ಕಲಿಯಬೇಕಾಗಿರಲಿಲ್ಲ. "ಯಾವೂರ್ಲಾ ನಿಂದು, ಬೋಳಿಮಗನೆ? ಹೆತ್ತೋರ ವಯಸ್ಸಿನೋರ್ ಹತ್ರ ಹಿಂಗೇನ್ಲಾ ಮಾತಾಡೋದು? ಆ ಟೋಪಿ ಕೊಟ್ಟೋರು ನಾಲ್ಗೆನೂ ಕೊಟ್ಟವ್ರಾ?"

"ಮಾವ, ಸುಮ್ನಿರಿ," ಎಂದಳು ಕೆಲೆರ. ವಿನಿಯಾನಳ ಮಗಳು, ಮೂವತ್ತಾರು ವರ್ಷ, ಒಂದು ವಾರದಿಂದ ಸರಿಯಾಗಿ ಉಂಡಿರಲಿಲ್ಲ. "ನಾನು ಇಂಗ್ಲಿಷಲ್ಲಿ ಹೇಳ್ತೀನಿ."

ಹೇಳುವುದಕ್ಕೆ ಬಿಡುವಾಗಲಿಲ್ಲ. ಒಳಗಿನಿಂದ ಎತ್ತರದ ಚಪ್ಪಲಿಯ ಹೆಂಗಸೊಬ್ಬಳು ಕೈಯಲ್ಲಿ ಕಾಗದ ಹಿಡಿದು ಓಡಿ ಬಂದಳು. "ಯಂಗೋನಾ ಕುಡಿಸಿ ಸ್ವಾಗತಿಸುವ ಕಾರ್ಯಕ್ರಮದವರು ನೀವೇನಾ? ಎಷ್ಟು ತಡ! ಮೂರೇ ಜನವಾ? ಕುಣಿಯುವ ಹುಡುಗಿಯರೆಲ್ಲಿ? ಇರಲಿ, ಇರಲಿ. ಅಡುಗೆಮನೆ ಕಡೆಯಿಂದ ಬನ್ನಿ, ಪಾದ ಒರೆಸಿಕೊಂಡು ಬನ್ನಿ."

ಕೆಲೆರ ಅಲ್ಲವೆನ್ನಲು ಬಾಯಿ ತೆರೆದಳು. ವಿನಿಯಾನ ಅವಳ ಮುಂಗೈ ಚಿವುಟಿದಳು.

"ಸುಮ್ಕಿರು ಕಣೆ. ಒಳಗ್ ಹೋಗದ್ ಮುಖ್ಯ. ಎದ್ರುಗೆ ಕುಂತ್ರೆ ಅವ್ರಿಗೇ ತಿಳೀತದೆ."

ಹಾಗೆ ಮೂವರೂ ಮೀನಿನ ತಲೆಗಳ ಡಬ್ಬಗಳನ್ನು ದಾಟಿಕೊಂಡು ಹಿಂದಿನ ಬಾಗಿಲಿನಿಂದ ಒಳಗೆ ಹೋದರು.

ವಿನಿಯಾನಳಿಗೆ ಹಿಂದಿನ ಬಾಗಿಲು ಹೊಸದಲ್ಲ. ಹರೆಯದಲ್ಲಿ ಅವಳು ಸುವಾದ ಬಟ್ಟೆ ಕಾರ್ಖಾನೆಯಲ್ಲಿ ಕಾಲರು ಹೊಲಿಯುತ್ತಿದ್ದಳು. ದಿನಕ್ಕೆ ಇನ್ನೂರು ಕಾಲರು. ಯಾವ ಅಂಗಿಗೆ, ಯಾವ ಕೊರಳಿಗೆ ಎಂದು ಒಂದು ದಿನವೂ ನೋಡಿದವಳಲ್ಲ. ಒಂದು ಸೋಮವಾರ ಹೋದರೆ ಗೇಟಿಗೆ ಬೀಗ ಬಿದ್ದಿತ್ತು. ಮೆಷೀನುಗಳನ್ನು ಭಾನುವಾರವೇ ಹಡಗಿಗೆ ಹಾಕಿಯಾಗಿತ್ತು. ಮುನ್ನೂರು ಹೆಂಗಸರು ಬೇಯಿಸಿದ ಮರಗೆಣಸಿನ ಡಬ್ಬಿ ಹಿಡಿದುಕೊಂಡು ಬಿಸಿಲಲ್ಲಿ ನಿಂತಿದ್ದರು. ಮಧ್ಯಾಹ್ನ ಒಬ್ಬಳು ಅಲ್ಲೇ ಕುಳಿತು ಡಬ್ಬಿ ಬಿಚ್ಚಿ ಉಣ್ಣಲು ಶುರು ಮಾಡಿದಳು. ಉಳಿದವರೂ ಉಂಡರು. ಅದಕ್ಕಿಂತ ಬೇರೆ ಏನು ಮಾಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಮಗಳ ಕೆಲಸವೂ ಹೊಲಿಗೆಯೇ ಎಂದು ವಿನಿಯಾನ ತಿಳಿದಿದ್ದಳು. ಕೆಲೆರಳೇ ಒಮ್ಮೆ ಹಾಗೆ ಬಿಡಿಸಿ ಹೇಳಿದ್ದಳು. ಲಾಂಟಾನ ಅನ್ನುವುದು ವೆಬ್‌ಸೈಟಿನ ಮೈಕಟ್ಟು. ಅದು ಎಲ್ಲರದು, ಪುಕ್ಕಟೆ. ಯಾರು ಬೇಕಾದರೂ ತಗೊಳ್ಳಬಹುದು, ತಿದ್ದಬಹುದು. ಆ ಮೈಗೆ ತೊಡಿಸುವ ಬಟ್ಟೆಗೆ ಥೀಮ್ ಎನ್ನುತ್ತಾರೆ. ಲೋಕದಲ್ಲೆಲ್ಲ ಜನ ಇಂಥ ಬಟ್ಟೆ ಹೊಲಿದು ಲಾಂಟಾನದ ಉಗ್ರಾಣದಲ್ಲಿ ಇಡುತ್ತಾರೆ. ಬೇಕಾದವರು ಅಲ್ಲಿಂದ ಒಯ್ಯುತ್ತಾರೆ. ಎಲ್ಲಾದರೂ ಹರಿದರೆ ಹೊಲಿದವರು ತೇಪೆ ಹಾಕಿ ಉಗ್ರಾಣದಲ್ಲಿಡುತ್ತಾರೆ, ಅದು ತಾನಾಗಿಯೇ ಎಲ್ಲರಿಗೂ ತಲುಪುತ್ತದೆ.

ಕೆಲೆರ ಹೊಲಿದ ಥೀಮಿನ ಹೆಸರು ಇಂಬೆ. ಅಂದರೆ ಚಾಪೆ. ಅದರ ಅಂಚಿನಲ್ಲಿದ್ದ ಹಲ್ಲುಹಲ್ಲಿನ ಗೆರೆ ವಿನಿಯಾನ ಹೆಣೆಯುವ ಚಾಪೆಯ ಅಂಚಿನದೇ. ಹನ್ನೊಂದು ವರ್ಷ ಕೆಲೆರ ಅದರ ಒಂದೊಂದು ಎಳೆಯನ್ನೂ ಕಿತ್ತು ಕಿತ್ತು ಹಗುರ ಮಾಡಿದ್ದಳು. ದ್ವೀಪಗಳಲ್ಲಿ ಸಿಗ್ನಲ್ ಸಿಗುವುದು ಗುಡ್ಡದ ತುದಿಯಲ್ಲಿ, ಅದೂ ಹನಿಹನಿಯಾಗಿ. ಅಂಥಲ್ಲಿಯೂ ಹಳೇ ಫೋನಿನಲ್ಲಿಯೂ ಇಂಬೆಯ ಪುಟ ಥಟ್ಟನೆ ತೆರೆಯುತ್ತಿತ್ತು. ಶಾಲೆಗಳು, ದೋಣಿಯವರು, ಮೀನುಗಾರರ ಸಂಘಗಳು, ದಾದಿಯರು, ಹೀಗೆ ನಾಲ್ಕು ಸಾವಿರ ಕಡೆ ಅದನ್ನು ತೊಟ್ಟಿದ್ದರು. ಅವರಲ್ಲಿ ಕೆಲವರು ತಮ್ಮ ಅಳತೆಗೆ ಹಿಡಿದು ಕೊಡು ಎಂದು ಬರೆಯುತ್ತಿದ್ದರು. ಅದರ ಕೂಲಿಯಿಂದ ಮನೆಯ ಒಲೆ ಉರಿಯುತ್ತಿತ್ತು.

ಹೀಗಿರುವಾಗ ಸಮುದ್ರದಾಚೆ ಇಬ್ಬರು ದೊಡ್ಡವರಿಗೆ ಜಗಳ ಹತ್ತಿತು. ಒಬ್ಬ ಲಾಂಟಾನವನ್ನು ಹುಟ್ಟಿಸಿದವನು. ಇನ್ನೊಬ್ಬ ಲಾಂಟಾನದ ವೆಬ್‌ಸೈಟುಗಳನ್ನು ತನ್ನ ಗೋದಾಮಿನಲ್ಲಿಟ್ಟುಕೊಂಡು ಬಾಡಿಗೆ ತಿನ್ನುವ ಕಂಪನಿಯವನು. ನನ್ನದನ್ನು ತಿಂದು ಕೊಬ್ಬಿದ್ದೀಯೆ, ನನಗೇನು ಕೊಟ್ಟೆ ಎಂದು ಇವನು. ಪುಕ್ಕಟೆ ಎಂದು ಬರೆದವನೇ ನೀನು, ಈಗ ಕೈ ಚಾಚುತ್ತೀಯಾ ಎಂದು ಅವನು. ಇಬ್ಬರೂ ಲಾಯರುಗಳನ್ನು ಇಟ್ಟುಕೊಂಡರು. ಒಂದು ಬೆಳಿಗ್ಗೆ ಕೆಲೆರ ಉಗ್ರಾಣದ ಬಾಗಿಲು ತೆರೆಯಲು ಹೋದರೆ, ಪಾಸ್‌ವರ್ಡಿನ ಕೀಲಿ ಹಾಕುವ ಜಾಗದಲ್ಲಿ ಒಂದು ಫಾರಂ ಬಂದು ನಿಂತಿತ್ತು. ಆ ಕಂಪನಿಗೂ ನಿಮಗೂ ಯಾವುದೇ ನಂಟು ಇದೆಯೇ? ಇದೆ. ಇಲ್ಲ. ಎರಡರಲ್ಲಿ ಒಂದನ್ನು ಒತ್ತಬೇಕು.

ಕೆಲೆರ ಲ್ಯಾಪ್‌ಟಾಪನ್ನು ಎತ್ತಿಕೊಂಡು ಬಂದು ಚಾಪೆ ಹೆಣೆಯುತ್ತಿದ್ದ ತಾಯಿಯ ಪಕ್ಕ ಕುಳಿತಿದ್ದಳು.

"ಅವ್ವ, 'ಇಲ್ಲ' ಅಂತ ಒತ್ಬಿಟ್ರೆ ಮುಗೀತು. ಎಲ್ರೂ ಅಂಗೇ ಒತ್ತವ್ರೆ."

"ಈ ಪೆಟ್ಗೆ ಕೊಟ್ಟೋರ್ಯಾರು?"

"ಅವ್ರೇ. ಆ ಗಾಳಿ ಬಂದ್ ವರ್ಷ."

ಆ ವರ್ಷ ಚಂಡಮಾರುತ ಮನೆಯ ತಗಡನ್ನು ಎತ್ತಿ ಮೂರನೆಯ ಮನೆಯ ಮೇಲೆ ಹಾಕಿತ್ತು. ಕೆಲೆರಳ ಹಳೆಯ ಲ್ಯಾಪ್‌ಟಾಪಿನಿಂದ ನೀರು ಸುರಿದಿತ್ತು. ಇಂಬೆಯನ್ನು ತೊಟ್ಟ ಯಾರೋ ಗಿರಾಕಿ ಇದನ್ನು ಆ ಕಂಪನಿಯವರ ಕಿವಿಗೆ ಹಾಕಿದ್ದರಿಂದ ಅವರು ಹೊಸದೊಂದನ್ನು ಅಂಚೆಯಲ್ಲಿ ಕಳಿಸಿದ್ದರು. ವಿನಿಯಾನ ಸುಮ್ಮನೆ ಇಸಿದುಕೊಂಡವಳಲ್ಲ; ನಾಲ್ಕು ತಿಂಗಳು ಕೂತು ಉಣ್ಣೆಯ ಕುಚ್ಚಿನ ಚಾಪೆ ಹೆಣೆದು ಅವರ ವಿಳಾಸಕ್ಕೆ ಕಳಿಸಿದ್ದಳು.

"ಕಷ್ಟ್ ಕಾಲ್ದಲ್ಲಿ ಕೊಟ್ಟೋರು. ನಾನೂ ಚಾಪೆ ಕಳ್ಸಿವ್ನಿ. ಕೊಟ್ಟು ತಕ್ಕಂಡ್ ಮ್ಯಾಕೆ ನಂಟಿಲ್ಲ ಅಂತ ಎಂಗ್ ಅಂದೀಯೆ? ಬಾಯಿಗ್ ಹುಳ ಬೀಳ್ತವೆ. ಇರೋದ್ನ ಒತ್ತವ್ವ."

ಕೆಲೆರ ತಾಯಿಯ ಮುಖ ನೋಡಿದಳು. ಆಮೇಲೆ 'ಇದೆ' ಎಂಬುದನ್ನು ಒತ್ತಿದಳು.

ಕೀಲಿ ಅವತ್ತೇ ಹೋಯಿತು. ಎರಡು ವಾರದಲ್ಲಿ ಕಾಗದ ಬಂತು: ಬರುವ ಸೋಮವಾರದಿಂದ ಇಂಬೆ ಥೀಮನ್ನು ಲಾಂಟಾನ ಸಮುದಾಯವೇ ತನ್ನ ಆರೈಕೆಗೆ ತೆಗೆದುಕೊಳ್ಳಲಿದೆ. ಅದರ ಹಿಂದಿನ ಶುಕ್ರವಾರ ಲಾಂಟಾನದವರ ಸಮ್ಮೇಳನ ಸುವಾದ ದೊಡ್ಡ ಹೋಟೆಲಿನಲ್ಲೇ ಇತ್ತು. ಸಮುದಾಯದ ಮೇಲ್ವಿಚಾರಕ ಪ್ರೆಂಟಿಸ್ ತಾನೇ ಬರುವವನಿದ್ದ.

ವಿನಿಯಾನ ಮಂಚದ ಕೆಳಗಿನ ಪೆಟ್ಟಿಗೆ ಎಳೆದು, ಗಂಡ ಸತ್ತಾಗ ಅವನ ಕಡೆಯವರು ತಂದು ಮುಂದಿಟ್ಟಿದ್ದ ತಂಬುವವನ್ನು ಹೊರತೆಗೆದಿದ್ದಳು. ಅಂಗೈಗಿಂತ ಉದ್ದದ ತಿಮಿಂಗಿಲದ ಹಲ್ಲು. ಎಣ್ಣೆ, ಹೊಗೆ, ಎಷ್ಟೋ ಕೈಗಳ ಬೆವರು ಕುಡಿದು ಜೇನಿನ ಬಣ್ಣಕ್ಕೆ ತಿರುಗಿದ್ದದ್ದು. ತಲೆ ತಗ್ಗಿಸಿ ಕೂತು ಅದನ್ನು ಚಾಚಿ ಸೊರೊ ಮಾಡಿದರೆ, ಅಂದರೆ ಶರಣಾಗಿ ಕ್ಷಮೆ ಕೇಳಿದರೆ, ಎದುರಿನವನು ಎಂಥ ಸಿಟ್ಟಿನಲ್ಲಿದ್ದರೂ, ಹಲ್ಲನ್ನು ಕೈಗೆ ತಗೊಂಡನೆಂದರೆ ಜಗಳ ಅಲ್ಲಿಗೆ ಹೂತುಹೋದಂತೆ. ಕೊಲೆಯ ವೈರಗಳೂ ಹಾಗೆ ಮುಗಿದದ್ದನ್ನು ವಿನಿಯಾನ ಕಣ್ಣಾರೆ ಕಂಡಿದ್ದಳು. ಒಂದು ಕೀಲಿ ಯಾವ ಲೆಕ್ಕ?

ಸಭಾಂಗಣ ಮಂಜುಗಡ್ಡೆಯಂತೆ ತಣ್ಣಗಿತ್ತು. ಕೊರಳಿಗೆ ಹೆಸರಿನ ಪಟ್ಟಿ ಹಾಕಿಕೊಂಡ ನೂರಾರು ಜನ, ಕೈಯಲ್ಲಿ ಅನಾನಸು ರಸ. ಅವರಲ್ಲಿ ಮೂವರು ಕೆಲೆರಳಿಗೆ ಗೊತ್ತಿದ್ದವರು, ಅವಳಂತೆಯೇ ಥೀಮ್ ಹೊಲಿಯುವವರು. ಅವಳನ್ನು ಕಂಡದ್ದೇ ಮೂವರೂ ಒಟ್ಟಿಗೆ ತಮ್ಮ ತಮ್ಮ ಫೋನು ನೋಡಿಕೊಂಡರು.

ಮುಂದಿನ ಸಾಲಿನಲ್ಲಿ ಪ್ರೆಂಟಿಸ್ ಕುಳಿತಿದ್ದ. ಮೂವತ್ತು ದಾಟಿರದ, ನಗುಮುಖದ ಮನುಷ್ಯ. ವಿಮಾನ ನಿಲ್ದಾಣದಲ್ಲಿ ಕೊಂಡ ಹೂವಿನ ಅಂಗಿಗೆ ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ.

ನೆಮಾನಿ ಅವನ ಮುಂದೆ ಚಾಪೆ ಹಾಸಿ ಕುಳಿತ. ಅವನ ಹಿಂದೆ ಒಂದು ಬದಿಗೆ ಕಾಲು ಮಡಚಿ ವಿನಿಯಾನ, ಅವಳ ಪಕ್ಕ ಕೆಲೆರ. ನೆಮಾನಿ ಹಲ್ಲನ್ನು ಎರಡು ಕೈಯಲ್ಲಿ ಹಿಡಿದು ಕುತ್ತಿಗೆ ಬಗ್ಗಿಸಿದ. ಬಸ್ಸಿನಲ್ಲಿ ಬೈದು ಬೈದು ಒಡೆದ ಅವನ ಗಂಟಲು ಅವತ್ತು ಚರ್ಚಿನೊಳಗೆ ಕೇಳುವ ದನಿಯಾಗಿತ್ತು.

"ದೊರೆ, ನಮ್ ಮಗು ತಪ್ ಮಾಡವ್ಳೋ ಇಲ್ವೋ, ನಮ್ಗೆ ತಿಳೀದು. ನಿಮ್ ಮನ್ಸಿಗೆ ನೋವಾಗದೆ, ಅಷ್ಟ್ ಸಾಕು. ಈ ಹಲ್ಲು ಸಣ್ದು, ಹಳೇದು. ನಮ್ ತಲೆ ನಿಮ್ ಪಾದ್ದ ಕೆಳ್ಗದೆ. ತುಳೀರಿ, ಇಲ್ಲಾ ಎತ್ರಿ. ನಮ್ ಮಗೀಗ್ ಅವ್ಳ್ ಮನೆ ಬಾಗ್ಲು ತೆಗ್ದ್ ಕೊಡಿ."

ಕೆಲೆರ ಅದನ್ನು ಇಂಗ್ಲಿಷಿಗೆ ತಿರುಗಿಸಲು ಎದ್ದಳು. "ಸರ್, ನನ್ನ ಹೆಸರು ಕೆಲೆರ. ಇಂಬೆ ಥೀಮಿನ..." ಎನ್ನುವಷ್ಟರಲ್ಲಿ ಎತ್ತರದ ಚಪ್ಪಲಿಯವಳು ಮೈಕು ಹಿಡಿದು ನಡುವೆ ಬಂದಳು.

"ಎಷ್ಟು ಸುಂದರವಾದ ಸ್ವಾಗತ! ಚಪ್ಪಾಳೆ, ಎಲ್ಲರೂ! ಸರ್, ಸ್ವೀಕರಿಸಿ. ಹಾಗಲ್ಲ, ಎರಡೂ ಕೈಯಲ್ಲಿ. ಈಗ ಮೇಲಕ್ಕೆತ್ತಿ, ಫೋಟೊ!"

ಪ್ರೆಂಟಿಸ್ ಹಲ್ಲನ್ನು ಎರಡೂ ಕೈಯಲ್ಲಿ ತಗೊಂಡ. ಪಂದ್ಯದಲ್ಲಿ ಗೆದ್ದ ಕಪ್ಪಿನಂತೆ ತಲೆಯ ಮೇಲಕ್ಕೆ ಎತ್ತಿದ. ಸಭೆಯೆಲ್ಲ ಚಪ್ಪಾಳೆ ತಟ್ಟಿತು, ಯಾರೋ ಶಿಳ್ಳೆ ಹೊಡೆದರು. ಫೋನುಗಳ ಬೆಳಕು ಫಳಫಳ ಹೊಳೆಯಿತು. ವಿನಿಯಾನ ಬಗ್ಗಿಸಿದ ತಲೆ ಎತ್ತಲಿಲ್ಲ. ಅವಳಿಗೆ ಕಂಡದ್ದು ಚಾಪೆಯ ಅಂಚು ಮಾತ್ರ. ಆದರೆ ಹಲ್ಲು ತಮ್ಮನ ಕೈ ಬಿಟ್ಟದ್ದು ಅವನ ಭುಜ ಇಳಿದದ್ದರಲ್ಲೇ ತಿಳಿಯಿತು. ತಗೊಂಡರು. ಅವಳ ಕಣ್ಣಿಂದ ಪಟಪಟನೆ ನೀರು ಉದುರಿತು.

ಆಮೇಲೆ ಕೆಲೆರ ಹೋಟೆಲಿನ ಪಡಸಾಲೆಯಲ್ಲಿ ಪ್ರೆಂಟಿಸನನ್ನು ಅಡ್ಡಗಟ್ಟಿದಳು. ವಿನಿಯಾನ ಮೂರು ಹೆಜ್ಜೆ ಹಿಂದೆ ನಿಂತಳು.

"ಸರ್, ಅದು ಕಾರ್ಯಕ್ರಮ ಅಲ್ಲ. ನಾವು ಕ್ಷಮೆ ಕೇಳಿದ್ದು. ನೀವು ಒಪ್ಪಿಕೊಂಡಿರಿ. ಈಗ ನನ್ನ ಕೀಲಿ..."

"ಓ, ಕೆಲೆರ ಅಂದರೆ ನೀವೇನಾ!" ಪ್ರೆಂಟಿಸನ ಮುಖದಲ್ಲಿ ನಿಜವಾದ ಸಂತೋಷವೇ ಇತ್ತು. "ನನ್ನ ತಂಗಿ ಇಂಬೆಯನ್ನೇ ಬಳಸುತ್ತಾಳೆ. ಬಹಳ ಒಳ್ಳೆಯ ಕೆಲಸ. ನೋಡಿ, ನನಗೆ ನಿಮ್ಮ ಮೇಲೆ ಏನೂ ಇಲ್ಲ. ಇದೆಲ್ಲ ಲಾಯರುಗಳ ಮಟ್ಟದಲ್ಲಿದೆ. ಒಂದು ಮಾತು ಕೇಳಲಾ? ಸುಮ್ಮನೆ 'ಇಲ್ಲ' ಅಂತ ಒತ್ತಬಹುದಿತ್ತಲ್ಲ. ಯಾರು ನೋಡುತ್ತಿದ್ದರು?"

ಕೆಲೆರ ಹಿಂದೆ ನಿಂತಿದ್ದ ಅವ್ವನ ಕಡೆ ತಿರುಗಿ ನೋಡಿದಳು.

"ನನಗೊಂದು ಇಮೇಲ್ ಹಾಕಿ. ಮತ್ತೆ, ಈ ಉಡುಗೊರೆಗೆ ತುಂಬಾ ಧನ್ಯವಾದ. ನಿಮ್ಮ ತಾಯಿಗೆ ಹೇಳಿ."

"ಏನಂದ್ರು?" ವಿನಿಯಾನ ಕೇಳಿದಳು.

"ಇಮೇಲ್ ಹಾಕು ಅಂದ್ರು."

"ಹಲ್ಲು ತಕ್ಕಂಡ್ರಲ್ಲ. ಎರ್ಡೂ ಕೈಯಾಗ್ ತಕ್ಕಂಡ್ರಲ್ಲ. ಇನ್ನೇನ್ ಬೇಕು?"

ಅಡುಗೆಮನೆಯಲ್ಲಿ ಅವರಿಗೆ ಮೂರು ಪೊಟ್ಟಣ ಕೊಟ್ಟರು. ಅಂಚು ಒಣಗಿದ ಬ್ರೆಡ್ಡು, ಅನಾನಸಿನ ತುಂಡು. ನೆಮಾನಿ ತನ್ನದನ್ನು ಬಸ್ ನಿಲ್ದಾಣದ ನಾಯಿಗೆ ಹಾಕಿದ. ವಿನಿಯಾನ ಮಾತ್ರ ಅವತ್ತು ಹೋಗಿ ಮೀನು ತಂದು, ತೆಂಗಿನ ಹಾಲು ಹಿಂಡಿ, ಕೆಸುವಿನ ಸೊಪ್ಪು ಹಾಕಿ ಬೇಯಿಸಿದಳು. ಒಂದು ವಾರದಿಂದ ಸರಿಯಾಗಿ ಉಣ್ಣದಿದ್ದ ಕೆಲೆರ ಎರಡು ತುತ್ತು ಉಂಡಳು. ಅವ್ವ ಬಡಿಸಿದ್ದಕ್ಕೆ ಉಂಡಳು.

ಸೋಮವಾರ ಬೆಳಿಗ್ಗೆ ಉಗ್ರಾಣದಲ್ಲಿ ಇಂಬೆ ಇರಲಿಲ್ಲ. ಅದೇ ಜಾಗದಲ್ಲಿ ಐಲ್ಯಾಂಡ್ ಸ್ಪಿರಿಟ್ ಎಂಬ ಥೀಮ್ ಇತ್ತು. ಹೊಲಿದವರು: ಲಾಂಟಾನ ಸಮುದಾಯ. ಅಂಚಿನ ಹಲ್ಲುಹಲ್ಲಿನ ಗೆರೆ ಹಾಗೆಯೇ ಇತ್ತು. ಪುಟದ ತಲೆಯಲ್ಲಿ ಈ ತುದಿಯಿಂದ ಆ ತುದಿಗೆ ಹರಡಿದ ದೊಡ್ಡ ಚಿತ್ರ: ಹೂವಿನ ಅಂಗಿಯ ಎರಡು ಕೈ, ಎತ್ತಿ ಹಿಡಿದ ಹಲ್ಲು. ಕೆಳಗೆ ಮೂಲೆಯಲ್ಲಿ ಒಂದು ಬಾಗಿದ ನರೆತಲೆ. ಕಿವಿಯ ಹತ್ತಿರಕ್ಕೆ ಚಿತ್ರ ಮುಗಿದಿತ್ತು.

"ಇದು ನಾನಲ್ವೇನೆ?" ವಿನಿಯಾನ ಬಗ್ಗಿ ನೋಡಿದಳು.

"ಅವ್ವ, ಈ ಚಿತ್ರ ಎಷ್ಟ್ ಭಾರ ಗೊತ್ತಾ? ನಾನು ಹೊಲ್ದಿದ್ ಇಡೀ ಥೀಮಿಗಿಂತ ಅರವತ್ ಪಟ್ಟು. ಯಾರ್ ತಮ್ದೇ ಚಿತ್ರ ಹಾಕ್ಕಂಡಿಲ್ವೋ ಅವ್ರೆಲ್ಲರ ಪುಟಕ್ಕೂ ಇದು ತಾನಾಗೇ ಹೋಗಿ ಕುಂತ್ಕತದೆ. ದ್ವೀಪದಲ್ಲಿ ತೆರೆಯಕಿಲ್ಲ. ಆಗಕಿಲ್ಲ ಅವ್ವ, ತೆರೆಯಕಿಲ್ಲ."

ಅವತ್ತಿನಿಂದ ಕೆಲೆರ ಫೋನು ಹಿಡಿದು ಕೂತಳು. ಗೊತ್ತಿದ್ದ ಶಾಲೆಗೆ, ಗೊತ್ತಿದ್ದ ದೋಣಿಯವನಿಗೆ, ಒಬ್ಬೊಬ್ಬರಿಗೇ ಕರೆ ಮಾಡಿ ಆ ಚಿತ್ರವನ್ನು ಕೈಯಾರೆ ಕೀಳುವುದು ಹೇಗೆಂದು ಹೇಳಿಕೊಟ್ಟಳು. ಮೊದಲಾಗಿದ್ದರೆ ಒಂದು ತೇಪೆ ಹಾಕಿ ಉಗ್ರಾಣದಲ್ಲಿಟ್ಟರೆ ಒಂದೇ ಮಧ್ಯಾಹ್ನದಲ್ಲಿ ಎಲ್ಲರಿಗೂ ತಲುಪುತ್ತಿತ್ತು. ಈಗ ಮೂರು ದಿನಕ್ಕೆ ನಲವತ್ತು ಜನ. ಕೆಲವರು ಅವಳನ್ನೇ ಬೈದರು. "ಪುಕ್ಕಟೆ ಕೊಟ್ಟು ಈಗ ಕೈ ಕೊಡ್ತೀಯೇನೇ ಮುಂಡೆ?" ಎಂದ ಒಬ್ಬ ದೋಣಿಯವನು. ಕೆಲೆರ ತಾಳ್ಮೆಯಿಂದ ಅವನಿಗೂ ಹೇಳಿಕೊಟ್ಟಳು.

ನಮೋಲಿ ದ್ವೀಪದ ದಾದಿ ಅಸಿನಾತೆಗೆ ಕರೆ ಸಿಗಲೇ ಇಲ್ಲ. ಅವಳೇ ಶುಕ್ರವಾರ ಮಾಡಿದಳು.

"ಕೆಲೆರ, ನಮ್ ಪುಟಕ್ ಏನಾಗದೆಯೇ?"

ನಮೋಲಿಗೆ ಆಸ್ಪತ್ರೆಯ ದೋಣಿ ಬರುವುದು ಹದಿನೈದು ದಿನಕ್ಕೊಮ್ಮೆ. ಗಾಳಿ ನೋಡಿಕೊಂಡು ತೆಂಕಣ ಜೆಟ್ಟಿಗೋ ಬಡಗಣ ಜೆಟ್ಟಿಗೋ ಬರುತ್ತದೆ. ಯಾವುದೆಂದು ಹಿಂದಿನ ದಿನ ಅಸಿನಾತೆ ಪುಟದಲ್ಲಿ ಬರೆಯುತ್ತಾಳೆ. ಎಲ್ಲ ಊರಿನವರೂ ಗುಡ್ಡ ಹತ್ತಿ ನೋಡಿಕೊಂಡು ಇಳಿಯುತ್ತಾರೆ. ಆರು ವರ್ಷದಿಂದ ಹೀಗೆಯೇ ನಡೆದಿತ್ತು. ಗುರುವಾರದ ದೋಣಿ ಬಡಗಣಕ್ಕೆ ಬಂತು. ಪುಟ ತೆರೆಯಲಿಲ್ಲ. ಹನ್ನೊಂದು ಜನ ತೆಂಕಣದಲ್ಲಿ ಮಳೆಯಲ್ಲಿ ಕೂತಿದ್ದರು. ಅವರಲ್ಲಿ ಇಸೋವ ಒಬ್ಬ. ಸಕ್ಕರೆ ಕಾಯಿಲೆ, ಕಾಲಿನ ಹೆಬ್ಬೆರಳಿನಲ್ಲಿ ಹುಣ್ಣು.

"ಈಗ್ ಎಂಗವ್ನೆ?" ಕೆಲೆರ ಕೇಳಿದಳು.

"ಮೊಣಕಾಲ್ ತನಕ ಕೆಂಪಗಾಗದೆ. ನನ್ ತಾವ ಇರೋ ಮಾತ್ರೆ ಕೊಟ್ಟಿವ್ನಿ. ನಾಳೆ ಸಮುದ್ರ ಒಸಿ ತಣ್ಗಾದ್ರೆ ಚಿಕ್ ದೋಣೀಲ್ ಹಾಕ್ಕಂಡ್ ಬತ್ತೀವಿ."

ಸಮುದ್ರ ನಾಲ್ಕು ದಿನ ತಣ್ಣಗಾಗಲಿಲ್ಲ.

ಮೂರು ವಾರ ಕಳೆದ ಮೇಲೆ, ಒಂದು ಮಧ್ಯಾಹ್ನ, ಪೌಲಿಯಾಸಿ ಅವರ ಮನೆ ಹುಡುಕಿಕೊಂಡು ಬಂದ. ಕಾವಲಿನ ಟೋಪಿ ಇರಲಿಲ್ಲ. ಇಸ್ತ್ರಿ ಮಾಡಿದ ಸುಲು ಪಂಚೆ ಉಟ್ಟಿದ್ದ. ಒಳಗೆ ಬಾ ಎಂದರೂ ಬಾರದೆ ಹೊಸ್ತಿಲ ಹತ್ತಿರ ನೆಲದ ಮೇಲೆ ಕುಳಿತ. ಮಡಿಲಿನಿಂದ ಹೋಟೆಲಿನ ಟವಲಿನಲ್ಲಿ ಸುತ್ತಿದ್ದನ್ನು ತೆಗೆದು ಮುಂದಿಟ್ಟ.

ವಿನಿಯಾನ ಬಿಚ್ಚದೆಯೇ ಏನೆಂದು ತಿಳಿದುಕೊಂಡಳು.

"ರೂಮ್ ಗುಡ್ಸೋ ಹೆಂಗ್ಸಿಗೆ ಸಿಕ್ತಂತೆ, ಅಮ್ಮ. ಆ ದೊರೆ ಹೋದ್ ದಿನ. ಇದ್ನ ದೇಶ ಬಿಟ್ ಒಯ್ಯಕ್ಕೆ ಸರ್ಕಾರ್ದ್ ಚೀಟಿ ಬೇಕಂತಲ್ಲ. ಯಾರೋ ಹೇಳಿರ್ಬೇಕು, ಬಿಟ್ ಹೋಗವ್ನೆ."

"ಎಲ್ಲಿತ್ತು?"

ಪೌಲಿಯಾಸಿ ಬೆರಳಿನಿಂದ ನೆಲ ಕೆರೆದ.

"ಎಲ್ಲಿತ್ತಪ್ಪ?"

"ಕಸದ್ ಬುಟ್ಟೀಲಿ, ಅಮ್ಮ. ಖಾಲಿ ಶಾಂಪೂ ಬಾಟ್ಲು ಜೊತೇಲಿ." ಅವನ ತಲೆ ಇನ್ನೂ ಬಾಗಿತು. "ಅವತ್ ನಾನು ಬಾಗ್ಲಲ್ಲಿ ಅಂಗ್ ಮಾತಾಡ್ಬಾರ್ದಿತ್ತು."

ವಿನಿಯಾನ ಅವನಿಗೆ ಚಹಾ ಕೊಟ್ಟಳು. ಅವನು ಕುಡಿದು, ಬಟ್ಟಲು ತೊಳೆದಿಟ್ಟು ಹೋದ.

ಸಂಜೆಗೆ ನೆಮಾನಿ ಬಂದ. ಹಲ್ಲನ್ನು ಕಂಡವನೇ ಗೋಡೆಗೆ ಗುದ್ದಿದ. "ಅವ್ನಜ್ಜಿ... ಅವ್ನ ವಂಶ ಹಾಳಾಗ! ಕಸದ್ ಬುಟ್ಟೀಲಾ? ನಾನು ಅದ್ನ ಹಿಡ್ಕಂಡು ಅವ್ನ್ ಕಾಲ ಕೆಳ್ಗ್ ತಲೆ ಇಟ್ಟಿದ್ನಲ್ಲಕ್ಕ!"

"ನಾಳೆ ನಮೋಲಿಗ್ ದೋಣಿ ಅದೆ," ಎಂದಳು ವಿನಿಯಾನ. "ಇಸೋವ ಆಸ್ಪತ್ರೆಯಿಂದ ಮನೇಗ್ ಬಂದವ್ನಂತೆ. ನೀನ್ ಬಂದ್ರೆ ಮಾತು ನೀನಾಡು."

ನೆಮಾನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಇದ್ನ ಹಿಡ್ಕಂಡಾ? ಉಗ್ದಿರೋ ಎಂಜ್ಲು ಇದು. ಒಬ್ಬ ಒಲ್ಲೆ ಅಂತ ಎಸ್ದಿದ್ನ ಇನ್ನೊಬ್ಬನ್ ಮುಂದೆ ಇಡ್ತೀಯಾ? ನಿಂಗ್ ತಲೆ ಕೆಟ್ಟದಾ?"

"ಬ್ಯಾರೆ ಹಲ್ಲು ನಮ್ ಮನೇಲಿ ಇಲ್ವಲ್ಲ."

"ನಾನ್ ಬರಕಿಲ್ಲ. ಹೆಂಗ್ಸು ನೀನೊಬ್ಳೇ ಹೋಗಿ ಕುಂತ್ರೆ ಊರೇ ನಗ್ತದೆ."

"ನಗ್ಲಿ ಬುಡು."

ಕೆಲೆರ ಆಗತಾನೇ ಕೆಲಸದಿಂದ ಬಂದಿದ್ದಳು. ಎರಡು ವಾರದಿಂದ ಅವಳು ಪೇಟೆಯ ದಿನಸಿ ಅಂಗಡಿಯಲ್ಲಿ ಸಾಮಾನು ಚೀಲಕ್ಕೆ ತುಂಬುವ ಕೆಲಸಕ್ಕೆ ಹೋಗುತ್ತಿದ್ದಳು. ಲ್ಯಾಪ್‌ಟಾಪು ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು.

"ಅವ್ವ, ನೀನ್ಯಾಕ್ ಹೋಗ್ಬೇಕು? ತಪ್ಪು ನಿಂದೂ ಅಲ್ಲ, ನಂದೂ ಅಲ್ಲ."

"ಇರ್ಬೋದು ಕಣವ್ವ. ಆದ್ರೂ ಇಸೋವನ್ ಒಂದ್ ಕಾಲು ಹೋಗದೆ. ಯಾರಾದ್ರೂ ಹೋಗಿ ಮುಂದ್ ಕುಂತ್ಕಬೇಕಲ್ಲ. ಆ ಲಾಂಟಾನದೋರ್ಯಾರೂ ಬರಕಿಲ್ಲ." ವಿನಿಯಾನ ಹಲ್ಲನ್ನು ಮತ್ತೆ ಟವಲಿನಲ್ಲಿ ಸುತ್ತಿದಳು. "'ಇದೆ' ಅಂತ ಒತ್ತು ಅಂದೋಳು ನಾನೇ."

ಕೆಲೆರ ಅವ್ವನ ಬಟ್ಟೆಯ ಗಂಟಿಗೆ ಬೇಯಿಸಿದ ಮರಗೆಣಸು ಕಟ್ಟಿಕೊಟ್ಟಳು.

ಇಸೋವನ ಮನೆ ಗುಡ್ಡದ ಬುಡದಲ್ಲಿತ್ತು. ಅಸಿನಾತೆ ಬಾಗಿಲ ತನಕ ಬಂದು, ಒಳಗೆ ಬರದೆ ನಿಂತಳು. ಇಸೋವ ಗೋಡೆಗೆ ಒರಗಿ ಕೂತಿದ್ದ. ಐವತ್ತರ ಆಸುಪಾಸಿನವನು, ಈಟಿಯಲ್ಲಿ ಮೀನು ಹೊಡೆದು ಬೆಳೆದ ಭುಜ. ಸೊಂಟದಿಂದ ಕೆಳಗೆ ಬಟ್ಟೆ ಹೊದ್ದಿದ್ದ. ಬಟ್ಟೆ ಒಂದು ಕಡೆ ಪಾದದ ತನಕ ಉಬ್ಬಿತ್ತು. ಇನ್ನೊಂದು ಕಡೆ ಮೊಣಕಾಲ ಕೆಳಗೆ ಚಪ್ಪಟೆಯಾಗಿ ಚಾಪೆಗೆ ಅಂಟಿತ್ತು. ಅವನ ಹೆಂಡತಿ ಒಲೆಯ ಹತ್ತಿರ ನಿಂತು ಬಂದವಳನ್ನೇ ನೋಡುತ್ತಿದ್ದಳು.

ವಿನಿಯಾನ ಬಾಗಿಲಿನಿಂದ ಮೊಣಕಾಲ ಮೇಲೆ ನಡೆದು ಬಂದಳು. ಚಾಪೆ ಹಾಸಿ, ಕಾಲು ಮಡಚಿ, ಟವಲು ಬಿಚ್ಚಿದಳು. ವಾಡಿಕೆಯಂತೆ ಗಂಡಸರೇ ಆಡಬೇಕಾದ ಮಾತನ್ನು ತಾನೇ ಆಡಿದಳು.

"ಅಪ್ಪ, ನನ್ ಹೆಸ್ರು ವಿನಿಯಾನ. ನಿಮ್ ಪುಟ ಹೊಲೀತಿದ್ದ ಹೆಣ್ಣಿನ್ ತಾಯಿ. ನನ್ ಮಾತ್ ಕೇಳಿ ನನ್ ಮಗ್ಳು ಬಾಗ್ಲು ಕಳ್ಕಂಡ್ಳು. ಅದ್ರಿಂದ ನಿನ್ ಕಾಲು ಹೋಯ್ತು. ಕೊಡಕ್ಕೆ ಇದೊಂದೇ ಅದೆ ನನ್ ತಾವ. ಇದು ಒಬ್ರು ಬ್ಯಾಡ ಅಂತ ಎಸ್ದಿದ್ದು, ಅದ್ನೂ ಹೇಳ್ಬುಡ್ತೀನಿ. ಮುಚ್ಚಿಡಕಿಲ್ಲ."

ತಲೆ ಬಗ್ಗಿಸಿ ಹಲ್ಲನ್ನು ಚಾಚಿದಳು.

 ಒಲೆಯ ಮೇಲೆ ಏನೋ ಕುದಿಯುತ್ತಿತ್ತು.

"ಇದ್ನ ನಾನ್ ನೋಡಿವ್ನಿ," ಎಂದ ಇಸೋವ.

ಅವನು ಗುಡ್ಡದ ಕಡೆಗೆ ಗಲ್ಲ ತೋರಿಸಿದ.

"ಬುಧವಾರ ಗುಡ್ಡದ್ ಮ್ಯಾಲೆ. ಎರ್ಡ್ ಗಂಟೆ ಹೊತ್ತು ಫೋನ್ ಹಿಡ್ಕಂಡ್ ನಿಂತಿದ್ದೆ, ಈ ಕಾಲ್ ಮ್ಯಾಲೇ. ಮ್ಯಾಲಿಂದ ಒಸಿ ಒಸಿ ಇಳೀತಿತ್ತು. ಮೊದ್ಲು ಬೆರಳು ಬಂತು. ಆಮ್ಯಾಕೆ ಈ ಹಲ್ಲು ಬಂತು, ಅರ್ಧ. ಅದ್ರ ಕೆಳ್ಗೆ ಜೆಟ್ಟಿ ಹೆಸ್ರು ಬತ್ತದೆ ಅಂತ ಕಾದೆ. ಚಾರ್ಜ್ ಮುಗೀತು."

 ಅವನ ಎರಡು ಕೈಗಳೂ ಹೊದ್ದ ಬಟ್ಟೆಯ ಮೇಲೆ, ಚಪ್ಪಟೆಯಾಗಿದ್ದ ಕಡೆಯೇ ಇದ್ದವು. ವಿನಿಯಾನಳ ತೋಳು ಹಲ್ಲಿನ ಭಾರಕ್ಕೆ ಸೋಲತೊಡಗಿತು. ಮೊದಲು ಮಣಿಕಟ್ಟು, ಆಮೇಲೆ ಮೊಣಕೈ. ಹಲ್ಲಿನ ನಾರಿನ ಹಗ್ಗ ತೂಗಾಡಿ ಚಾಪೆಯ ಅಂಚನ್ನು ಸವರಿತು. ಅವಳು ಕೈ ಇಳಿಸಲಿಲ್ಲ. ಅವನೂ ಕೈ ಚಾಚಲಿಲ್ಲ. ಬಡಗಣ ಜೆಟ್ಟಿಯ ಕಡೆಯಿಂದ, ಹಿಂತಿರುಗುವ ದೋಣಿ ಮೊದಲನೆಯ ಸಲ ಕೂಗಿತು.